ಸಂಶೋಧನೆ ತರಗತಿಯ ಬಾಗಿಲಿಗೆ ಬಂದಾಗ: ಪಿಎಚ್‌.ಡಿ. ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲಾ ಮತ್ತು ಶೈಕ್ಷಣಿಕ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಮಾಡುತ್ತಿರುವವರು, ಮಾಡಬೇಕೆಂದಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಮನೋವಿಜ್ಞಾನದಲ್ಲಿ ಎಂ.ಎ. ಮುಗಿಸಿದ್ದೇನೆ. ಶಾಲಾ ಮನೋವಿಜ್ಞಾನವೂ ಶೈಕ್ಷಣಿಕ ಮನೋವಿಜ್ಞಾನವೂ ಒಂದೇ ಎಂದು ಕೆಲವರು, ಬೇರೆ ಎಂದು ಕೆಲವರು ಹೇಳುತ್ತಾರೆ. ಡಾಕ್ಟರೇಟ್‌ಗೆ ಯಾವುದನ್ನು ಆರಿಸಿಕೊಳ್ಳಲಿ?

ಬೇರೆ ಬೇರೆ. ಶೈಕ್ಷಣಿಕ ಮನೋವಿಜ್ಞಾನ ಕಲಿಕೆಯನ್ನು ಅಧ್ಯಯನ ಮಾಡುತ್ತದೆ: ನೆನಪು, ಗಮನ, ಪ್ರೇರಣೆ, ಓದು, ಬೋಧನೆಯ ಕ್ರಮ, ಅಳತೆ. ಶಾಲಾ ಮನೋವಿಜ್ಞಾನ ಒಂದು ವೃತ್ತಿ. ಎದುರಿಗೆ ಕುಳಿತ ಮಗುವಿನ ತೊಂದರೆ ಏನೆಂದು ಅರಿಯುವುದು, ಶಿಕ್ಷಕರ ಮತ್ತು ಪೋಷಕರ ಜೊತೆ ಕುಳಿತು ದಾರಿ ಹುಡುಕುವುದು, ಆ ದಾರಿ ಫಲ ಕೊಟ್ಟಿತೇ ಎಂದು ಅಳೆಯುವುದು ಅದರ ಕೆಲಸ. ಮೊದಲನೆಯದರ ಬೇರನ್ನು 1903ರಲ್ಲಿ ‘ಶೈಕ್ಷಣಿಕ ಮನೋವಿಜ್ಞಾನ’ ಎಂಬ ಹೆಸರಿನಲ್ಲೇ ಪುಸ್ತಕ ಬರೆದ ಎಡ್ವರ್ಡ್ ಥಾರ್ನ್‌ಡೈಕ್ ಅವರಲ್ಲಿ ಕಾಣಬಹುದು. ಎರಡನೆಯದರ ಬೇರು 1896ರಲ್ಲಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ತೆರೆದ ಚಿಕಿತ್ಸಾಲಯದಲ್ಲಿದೆ. ಅಲ್ಲಿಗೆ ಬಂದ ಮೊದಲ ಮಗು ಕಾಗುಣಿತ ಬಾರದ ಹುಡುಗ. ಕರೆತಂದವರು ಒಬ್ಬ ಶಿಕ್ಷಕಿ. ಪರೀಕ್ಷಿಸಿ ನೋಡಿದರೆ ಹುಡುಗನಿಗೆ ದೃಷ್ಟಿದೋಷವೂ ಇತ್ತು! ಕನ್ನಡಕ ಕೊಟ್ಟು, ಜೊತೆಗೆ ಪಾಠವನ್ನೂ ಹೇಳಬೇಕಾಯಿತು. ಬುದ್ಧಿಮತ್ತೆ ಅಳೆಯುವ ಮೊದಲು ಕಣ್ಣು, ಕಿವಿ ನೋಡಿ ಎಂಬ ಪಾಠ ಇಂದಿಗೂ ಹಳೆಯದಾಗಿಲ್ಲ.

ಆಯ್ಕೆ ನಿಮ್ಮ ಮುಂದಿನ ಕೆಲಸವನ್ನು ಅವಲಂಬಿಸಿದೆ. ಶಾಲಾ ಮನೋವಿಜ್ಞಾನದ ಡಾಕ್ಟರೇಟ್‌ನಲ್ಲಿ ಸಂಶೋಧನೆಯಷ್ಟೇ ಭಾರ ಕ್ಷೇತ್ರ ತರಬೇತಿಗೂ ಇರುತ್ತದೆ. ಅಮೆರಿಕದ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘದ ಮಾನದಂಡದಂತೆ ಡಾಕ್ಟರೇಟ್ ಮಟ್ಟದ ಇಂಟರ್ನ್‌ಶಿಪ್ ಕನಿಷ್ಠ 1500 ಗಂಟೆಗಳದ್ದು. ಇಂಗ್ಲೆಂಡಿನಲ್ಲಿ 2006ರಿಂದ ಈ ವೃತ್ತಿಗೆ ಮೂರು ವರ್ಷದ ಡಾಕ್ಟರೇಟ್ ತರಬೇತಿಯೇ ದಾರಿಯಾಗಿದೆ. ವಿಚಿತ್ರವೆಂದರೆ ಅಲ್ಲಿ ಶಾಲೆಗಳಲ್ಲಿ ಈ ಕೆಲಸ ಮಾಡುವವರನ್ನು ‘ಶೈಕ್ಷಣಿಕ ಮನೋವಿಜ್ಞಾನಿ’ ಎಂದೇ ಕರೆಯುತ್ತಾರೆ. ಹಾಗಾಗಿ ಕೋರ್ಸಿನ ಹೆಸರು ನೋಡಿ ಸೇರಬೇಡಿ. ಮೇಲ್ವಿಚಾರಣೆಯಲ್ಲಿ ಮಕ್ಕಳೊಂದಿಗೆ ಎಷ್ಟು ಗಂಟೆ ಕೆಲಸವಿದೆ, ಮುಗಿಸಿದವರಿಗೆ ಪರವಾನಗಿ ಸಿಗುತ್ತದೆಯೇ ಎಂದು ಕೇಳಿ. ‘ಸಂಶೋಧನಾ ಪಿಎಚ್‌.ಡಿ. ಮಾತ್ರ’ ಎಂಬ ಉತ್ತರ ಬಂದರೆ ಅದು ನಿಮ್ಮನ್ನು ಸಂಶೋಧಕರನ್ನಾಗಿ ಮಾಡುತ್ತದೆಯೇ ಹೊರತು ಮಕ್ಕಳ ಮೌಲ್ಯಮಾಪನ ಮಾಡುವ ವೃತ್ತಿಪರರನ್ನಾಗಿ ಮಾಡುವುದಿಲ್ಲ.

ಪ್ರಶ್ನೆ: ನನ್ನ ವಿಷಯ ‘ಪ್ರಾಥಮಿಕ ಶಾಲಾ ಮಕ್ಕಳ ಓದಿನ ಸಾಮರ್ಥ್ಯದ ಮೇಲೆ ಮನೆಯ ಪರಿಸರ, ಪ್ರೇರಣೆ ಮತ್ತು ಬೋಧನಾ ವಿಧಾನದ ಪರಿಣಾಮ’. ಗೈಡ್ ಮೂರು ಸಲ ಸಿನಾಪ್ಸಿಸ್ ವಾಪಸ್ ಕಳಿಸಿದ್ದಾರೆ. ‘ದೊಡ್ಡದಾಯಿತು’ ಎನ್ನುತ್ತಾರೆ, ಹೇಗೆ ಸಣ್ಣದು ಮಾಡಬೇಕೆಂದು ಹೇಳುವುದಿಲ್ಲ.

ನಿಮ್ಮ ಶೀರ್ಷಿಕೆಯಲ್ಲಿ ಮೂರು ಥೀಸಿಸ್‌ಗಳಿವೆ, ಮೂರಕ್ಕೂ ಬೇರೆ ಬೇರೆ ವಿನ್ಯಾಸ ಬೇಕು. ಮನೆಯ ಪರಿಸರವನ್ನು ನೀವು ಬದಲಿಸಲಾರಿರಿ, ಅಳೆಯಬಹುದಷ್ಟೇ. ಬೋಧನಾ ವಿಧಾನವನ್ನು ಬದಲಿಸಿ ನೋಡಬಹುದು. ಪ್ರೇರಣೆ ಕಾರಣವೂ ಹೌದು, ಫಲವೂ ಹೌದು: ಓದಲು ಬರುವ ಮಗುವಿಗೆ ಓದುವ ಆಸೆ ಹುಟ್ಟುತ್ತದೆ. ಮೂರನ್ನೂ ಒಂದೇ ಪ್ರಶ್ನಾವಳಿಯಲ್ಲಿ ಒಂದೇ ದಿನ ಅಳೆದು ‘ಪರಿಣಾಮ’ ಎಂದು ಬರೆದರೆ ವೈವಾದಲ್ಲಿ ಬರುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. ಒಂದೇ ಸಲ ಅಳೆದದ್ದರಿಂದ ಸಿಗುವುದು ಸಂಬಂಧ ಮಾತ್ರ.

ಒಂದು ಸಾಲಿನಲ್ಲಿ ಐದು ಸಂಗತಿ ಬರೆಯಿರಿ: ಯಾವ ಮಕ್ಕಳು, ಏನು ಮಾಡುತ್ತೀರಿ, ಯಾವುದರ ಜೊತೆ ಹೋಲಿಸುತ್ತೀರಿ, ಏನನ್ನು ಅಳೆಯುತ್ತೀರಿ, ಎಷ್ಟು ಕಾಲ. ಉದಾಹರಣೆಗೆ: ‘ಮೂರನೇ ತರಗತಿಯಲ್ಲಿ ತಡವರಿಸಿ ಓದುವ ಮಕ್ಕಳು ಒಂದೇ ಪಠ್ಯಭಾಗವನ್ನು ದಿನಕ್ಕೆ 15 ನಿಮಿಷದಂತೆ, ವಾರಕ್ಕೆ 4 ದಿನ, 8 ವಾರ ಮತ್ತೆ ಮತ್ತೆ ಗಟ್ಟಿಯಾಗಿ ಓದಿದರೆ, ಅಷ್ಟೇ ಹೊತ್ತು ಹೊಸ ಹೊಸ ಪಠ್ಯ ಓದಿದ ಮಕ್ಕಳಿಗಿಂತ, ಹಿಂದೆ ನೋಡಿರದ ಪಠ್ಯವನ್ನು ಹೆಚ್ಚು ಸರಾಗವಾಗಿ ಓದುತ್ತಾರೆಯೇ?’ ಇಲ್ಲಿ ಎರಡೂ ಗುಂಪಿಗೆ ಓದುವ ಸಮಯ ಸಮ ಎಂಬುದನ್ನು ಗಮನಿಸಿ. ಹೋಲಿಕೆಯ ಗುಂಪಿಗೆ ಏನನ್ನೂ ಕೊಡದಿದ್ದರೆ, ಗೆದ್ದದ್ದು ಮತ್ತೆ ಮತ್ತೆ ಓದಿದ್ದೋ ಅಥವಾ ಹೆಚ್ಚುವರಿ 15 ನಿಮಿಷವೋ ಎಂದು ಹೇಳಲಾಗುವುದಿಲ್ಲ. ‘ಹಿಂದೆ ನೋಡಿರದ ಪಠ್ಯ’ ಎಂಬ ಮಾತನ್ನೂ ಬಿಡಬೇಡಿ. ಅಭ್ಯಾಸ ಮಾಡಿದ ಪಠ್ಯವನ್ನೇ ಪರೀಕ್ಷೆಗೆ ಇಟ್ಟರೆ ಅಳೆಯುವುದು ಬಾಯಿಪಾಠವನ್ನು.

ಈ ವಿಷಯ ಹಿಡಿಯುವವರಿಗೆ ಇನ್ನೊಂದು ಮಾತು. ಓದಿನ ವೇಗವನ್ನು ‘ನಿಮಿಷಕ್ಕೆ ಸರಿಯಾಗಿ ಓದಿದ ಪದಗಳು’ ಎಂದು ಲೆಕ್ಕ ಹಾಕುವುದು ಇಂಗ್ಲಿಷ್ ಓದಿನ ಅಧ್ಯಯನಗಳಿಂದ ಬಂದ ರೂಢಿ. ಕನ್ನಡದಲ್ಲಿ ‘ಮರ’ ಒಂದು ಪದ, ‘ಮನೆಯಲ್ಲಿದ್ದವರಿಗೆ’ ಎಂಬುದೂ ಒಂದೇ ಪದ. ಮೊದಲನೆಯದರಲ್ಲಿ ಎರಡು ಅಕ್ಷರ, ಎರಡನೆಯದರಲ್ಲಿ ಎಂಟು ಅಕ್ಷರ, ಅದರಲ್ಲೂ ಎರಡು ಒತ್ತಕ್ಷರ. ಪದ ಎಣಿಸಿದರೆ ಎರಡು ಪಠ್ಯಗಳ ಅಂಕ ಹೋಲಿಕೆಗೆ ಬರುವುದಿಲ್ಲ. ಅಕ್ಷರಗಳನ್ನು ಎಣಿಸಿ, ಪ್ರತಿ ಪಠ್ಯದಲ್ಲೂ ಒತ್ತಕ್ಷರಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಒಂದು ಶಾಲೆಯ ‘ಎ’ ಸೆಕ್ಷನ್ ಪ್ರಾಯೋಗಿಕ ಗುಂಪು, ‘ಬಿ’ ಸೆಕ್ಷನ್ ನಿಯಂತ್ರಿತ ಗುಂಪು. ತಲಾ 30 ಮಕ್ಕಳು. ಪೂರ್ವ ಪರೀಕ್ಷೆ, 8 ವಾರದ ಕಾರ್ಯಕ್ರಮ, ಉತ್ತರ ಪರೀಕ್ಷೆ, ಕೊನೆಗೆ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್. ನಮ್ಮ ವಿಭಾಗದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಇದರಲ್ಲಿ ತಪ್ಪೇನು?

ಈ ವಿನ್ಯಾಸದ ಮೇಲೆ ತುಂಬಾ ಥೀಸಿಸ್‌ಗಳು ನಿಂತಿವೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳಬೇಕು.

‘ಎ’ ಸೆಕ್ಷನ್ನಿಗೆ ಒಬ್ಬರು ಶಿಕ್ಷಕಿ, ‘ಬಿ’ಗೆ ಇನ್ನೊಬ್ಬರು. ನಿಮ್ಮ ಕಾರ್ಯಕ್ರಮ ನಡೆದದ್ದೂ ‘ಎ’ಯಲ್ಲಿ ಮಾತ್ರ. ಎಂಟು ವಾರದ ನಂತರ ‘ಎ’ ಮುಂದಿದ್ದರೆ ಅದು ಕಾರ್ಯಕ್ರಮದಿಂದಲೋ, ಶಿಕ್ಷಕಿಯಿಂದಲೋ, ಬೆಳಗಿನ ಮೊದಲ ಪೀರಿಯಡ್ ಸಿಕ್ಕಿದ್ದರಿಂದಲೋ? ಒಂದೊಂದೇ ತರಗತಿ ಇರುವಾಗ ಇವನ್ನು ಬಿಡಿಸುವ ಅಂಕಿಅಂಶದ ವಿಧಾನವೇ ಇಲ್ಲ.

ಎರಡನೆಯದು, ಟಿ-ಟೆಸ್ಟ್ 60 ಮಕ್ಕಳನ್ನು 60 ಸ್ವತಂತ್ರ ವ್ಯಕ್ತಿಗಳೆಂದು ತಿಳಿಯುತ್ತದೆ. ಒಂದೇ ಕೋಣೆಯಲ್ಲಿ ಒಂದೇ ಪಾಠ ಕೇಳುವ ಮಕ್ಕಳು ಹಾಗಿರುವುದಿಲ್ಲ. ಒಂದೇ ತರಗತಿಯ ಮಕ್ಕಳ ನಡುವಿನ ಈ ಸಾಮ್ಯವನ್ನು ಅಳೆಯುವ ಸಂಖ್ಯೆಗೆ ಅಂತರ್ವರ್ಗ ಸಹಸಂಬಂಧ ಎನ್ನುತ್ತಾರೆ. ಅದು 0.15 ಎಂದಿಟ್ಟುಕೊಳ್ಳಿ. ಲೆಕ್ಕ ಹೀಗೆ: ತರಗತಿಯ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು 0.15ರಿಂದ ಗುಣಿಸಿ, ಒಂದು ಕೂಡಿಸಿ. 29 × 0.15 + 1 = 5.35. ನಿಮ್ಮ 60 ಮಕ್ಕಳನ್ನು 5.35ರಿಂದ ಭಾಗಿಸಿದರೆ ಉಳಿಯುವುದು 11. ನಿಮ್ಮ ಬಳಿ ಇರುವ ಮಾಹಿತಿ ಹನ್ನೊಂದು ಸ್ವತಂತ್ರ ಮಕ್ಕಳು ಕೊಡುವಷ್ಟು ಮಾತ್ರ. ಟಿ-ಟೆಸ್ಟ್‌ಗೆ ಇದು ಗೊತ್ತಿಲ್ಲ, ಆದ್ದರಿಂದ ಇಲ್ಲದ ವ್ಯತ್ಯಾಸವನ್ನೂ ‘ಇದೆ’ ಎನ್ನುತ್ತದೆ.

ಹಾಗಾದರೆ ಎಷ್ಟು ಬೇಕು? ಅರ್ಧ ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯ ಅರ್ಧದಷ್ಟು) ಪರಿಣಾಮವನ್ನು 80 ಪ್ರತಿಶತ ಸಾಮರ್ಥ್ಯದಲ್ಲಿ (ಪರಿಣಾಮ ನಿಜವಾಗಿ ಇದ್ದರೆ ನೂರಕ್ಕೆ 80 ಸಲ ಕಾಣುವಂತೆ), 5 ಪ್ರತಿಶತ ಮಟ್ಟದಲ್ಲಿ (ಇಲ್ಲದಿದ್ದರೆ ನೂರಕ್ಕೆ 5 ಸಲಕ್ಕಿಂತ ಹೆಚ್ಚು ‘ಇದೆ’ ಎನ್ನದಂತೆ) ಹಿಡಿಯಲು ಸ್ವತಂತ್ರ ವ್ಯಕ್ತಿಗಳಾದರೆ ಗುಂಪಿಗೆ 64, ಒಟ್ಟು 128. ಇದನ್ನು 5.35ರಿಂದ ಗುಣಿಸಿದರೆ ಸುಮಾರು 685 ಮಕ್ಕಳು, ಅಂದರೆ 30ರ ತರಗತಿಗಳು 23. ಎರಡು ಗುಂಪಿಗೆ ಸಮ ಮಾಡಲು 24 ಎನ್ನಿ. ಪೂರ್ವ ಪರೀಕ್ಷೆಯ ಅಂಕವನ್ನು ವಿಶ್ಲೇಷಣೆಯಲ್ಲಿ ಸೇರಿಸಿದರೆ ಈ ಸಂಖ್ಯೆ ಇಳಿಯುತ್ತದೆ. ಆದರೂ ಎರಡಕ್ಕೆ ಇಳಿಯುವುದಿಲ್ಲ.

ಒಬ್ಬ ವಿದ್ಯಾರ್ಥಿಗೆ 24 ತರಗತಿ ಎಲ್ಲಿಂದ ಬರಬೇಕು ಎಂದು ನೀವು ಕೇಳುವುದು ನ್ಯಾಯವೇ. ಎರಡು ದಾರಿಗಳಿವೆ.

ಮೊದಲನೆಯದು, ತರಗತಿಯೊಳಗೇ ಹಂಚಿಕೆ. ಒಂದೇ ಸೆಕ್ಷನ್ನಿನ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಆಗ ಶಿಕ್ಷಕಿ, ಕೋಣೆ, ಪೀರಿಯಡ್ ಎರಡಕ್ಕೂ ಸಮ. ಸಣ್ಣ ಗುಂಪಿನಲ್ಲಿ ಕೂರಿಸಿ ಮಾಡುವ ಓದಿನ ಅಭ್ಯಾಸಕ್ಕೆ ಇದು ಹೊಂದುತ್ತದೆ. ಶಿಕ್ಷಕಿಯ ಬೋಧನಾ ಕ್ರಮವನ್ನೇ ಬದಲಿಸುವ ಕಾರ್ಯಕ್ರಮಕ್ಕೆ ಹೊಂದುವುದಿಲ್ಲ, ಏಕೆಂದರೆ ಅದು ಇಡೀ ತರಗತಿಗೆ ಹರಿಯುತ್ತದೆ.

ಎರಡನೆಯದು, ಶಾಲಾ ಮನೋವಿಜ್ಞಾನದ ನಿಜವಾದ ಕೈಗೆಲಸ: ಏಕ-ಪ್ರಕರಣ ವಿನ್ಯಾಸ. ಮೂರು ಮಕ್ಕಳು ಸಾಕು, ಆದರೆ ಪ್ರತಿ ಮಗುವನ್ನೂ ಹಲವು ಸಲ ಅಳೆಯಬೇಕು. ಮೊದಲ ಮಗುವಿಗೆ 5 ಅಳತೆಗಳ ನಂತರ ಕಾರ್ಯಕ್ರಮ ಶುರು, ಎರಡನೆಯದಕ್ಕೆ 8ರ ನಂತರ, ಮೂರನೆಯದಕ್ಕೆ 11ರ ನಂತರ. ಅಳತೆಗಳನ್ನು ನಕ್ಷೆಯಲ್ಲಿ ಹಾಕಿದಾಗ ಪ್ರತಿ ಮಗುವಿನ ಗೆರೆಯೂ ತನ್ನ ಕಾರ್ಯಕ್ರಮ ಶುರುವಾದಾಗಲೇ ಮೇಲೇರಿದರೆ, ಬೇರೆ ಕಾರಣ ಹೇಳುವುದು ಕಷ್ಟ. ಎರಡನೇ ಮಗುವಿನ ಗೆರೆ ತನ್ನ ಸರದಿಗೆ ಮೊದಲೇ ಏರಿತೆನ್ನಿ. ಒಂದೋ ಮಕ್ಕಳು ಪರಸ್ಪರ ಕಲಿಸಿಕೊಂಡಿದ್ದಾರೆ, ಇಲ್ಲವೇ ತರಗತಿಯಲ್ಲಿ ಬೇರೇನೋ ಬದಲಾಗಿದೆ. ಅದನ್ನು ಹಾಗೆಯೇ ಬರೆಯಬೇಕು. ಆರಂಭದ ಗೆರೆ ಮೊದಲೇ ಏರುತ್ತಿದ್ದರೆ ಕಾರ್ಯಕ್ರಮ ಶುರು ಮಾಡಬೇಡಿ, ಸಮತಟ್ಟಾಗುವವರೆಗೆ ಕಾಯಿರಿ. ಆತುರದಲ್ಲಿ ಕೆಡುವುದು ಇಲ್ಲೇ.

ಇನ್ನೊಂದು ಗುಂಡಿ: ಒಂದು ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದವರನ್ನಷ್ಟೇ ಆರಿಸಿ, ನಂತರ ಸುಧಾರಿಸಿದರು ಎನ್ನುವುದು. ಆ ದಿನ ಜ್ವರವಿದ್ದವರು, ಪ್ರಶ್ನೆ ತಪ್ಪಾಗಿ ಓದಿದವರು ಆ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ಎರಡು ಪರೀಕ್ಷೆಗಳ ನಡುವಿನ ಸಹಸಂಬಂಧ (ಅಂಕಗಳು ಎಷ್ಟು ಜೊತೆಜೊತೆಗೆ ಸಾಗುತ್ತವೆ ಎಂಬ ಅಳತೆ) 0.7 ಆಗಿದ್ದರೆ, ಸರಾಸರಿಗಿಂತ 20 ಅಂಕ ಕೆಳಗಿದ್ದ ಗುಂಪು ಏನೂ ಮಾಡದೆಯೇ ಮುಂದಿನ ಸಲ 14 ಅಂಕ ಕೆಳಗಿರುತ್ತದೆ. ಆ 6 ಅಂಕ ಯಾರ ಸಾಧನೆಯೂ ಅಲ್ಲ.

ಪ್ರಶ್ನೆ: ಆತಂಕ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿ, ಇಬ್ಬರು ತಜ್ಞರಿಗೆ ತೋರಿಸಿ, ಆಲ್ಫಾ 0.81 ಬಂದಿದೆ. ಟೂಲ್ ಸಿದ್ಧವಾಯಿತು ಎಂದುಕೊಳ್ಳಬಹುದೇ?

ಇಲ್ಲ. ಆಲ್ಫಾ ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದಷ್ಟೇ. ಅವು ಆತಂಕವನ್ನೇ ಅಳೆಯುತ್ತಿವೆಯೇ ಎಂಬುದು ಅದಕ್ಕೆ ತಿಳಿಯದು. ಪ್ರಶ್ನೆಗಳ ಸಂಖ್ಯೆ ಹೆಚ್ಚಿಸಿದರೂ ಆಲ್ಫಾ ಏರುತ್ತದೆ, ಒಂದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೂ ಏರುತ್ತದೆ.

ಕ್ರಮ ಹೀಗಿರಲಿ. ಮೊದಲು ಹಕ್ಕುದಾರರ ಲಿಖಿತ ಅನುಮತಿ. ನಂತರ ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಿ, ಕುಳಿತು ಒಂದು ಪಠ್ಯಕ್ಕೆ ಬರಬೇಕು. ಮೂಲ ನೋಡಿರದ ಮೂರನೆಯವರು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ, ಯಾರೂ ಮಾಡದ ಆದರೆ ಎಲ್ಲಕ್ಕಿಂತ ಫಲ ಕೊಡುವ ಹೆಜ್ಜೆ: ನಿಮ್ಮ ಗುರಿಯ ವಯಸ್ಸಿನ 8–10 ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕುಳಿತು, ಪ್ರತಿ ಪ್ರಶ್ನೆ ಓದಿಸಿ, ‘ಇದರಲ್ಲಿ ಏನು ಕೇಳಿದ್ದಾರೆ, ನಿನ್ನ ಮಾತಿನಲ್ಲಿ ಹೇಳು’ ಎನ್ನಿ.

ಏನು ಹೊರಬರಬಹುದೆಂದು ನೋಡಿ. ‘ಶಾಲೆಗೆ ಹೋಗಲು ನನಗೆ ಭಯವಿಲ್ಲ’ ಎಂಬ ಸಾಲು, ಪಕ್ಕದಲ್ಲಿ ‘ಯಾವಾಗಲೂ / ಆಗಾಗ / ಕೆಲವೊಮ್ಮೆ / ಎಂದೂ ಇಲ್ಲ’. ಭಯವೇ ಇಲ್ಲದ ಮಗು ‘ಎಂದೂ ಇಲ್ಲ’ ಎಂಬುದಕ್ಕೆ ಗುರುತು ಹಾಕುತ್ತದೆ: ಭಯ ಎಂದೂ ಇಲ್ಲ ತಾನೇ! ನಿಮ್ಮ ಅಂಕಪಟ್ಟಿಯಲ್ಲಿ ಅದು ಅತಿ ಹೆಚ್ಚು ಆತಂಕದ ಮಗು. ನಕಾರದ ಸಾಲುಗಳನ್ನು ಕನ್ನಡದಲ್ಲಿ ಹೀಗೆ ಇಡಲೇಬಾರದು. ಇನ್ನು ‘ಆಗಾಗ’, ‘ಕೆಲವೊಮ್ಮೆ’ ಇವುಗಳಲ್ಲಿ ಯಾವುದು ಹೆಚ್ಚು ಎಂದು ಮಕ್ಕಳನ್ನೇ ಕೇಳಿ. ಒಮ್ಮತ ಬರದಿದ್ದರೆ ‘ವಾರದಲ್ಲಿ ಎಷ್ಟು ದಿನ’ ಎಂದು ಬದಲಿಸಿ.

ಇದಾದ ಮೇಲೆ ಪೈಲಟ್, ಅಂಶ ವಿಶ್ಲೇಷಣೆ (ಯಾವ ಪ್ರಶ್ನೆಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡುವುದು), ಎರಡು ವಾರ ಬಿಟ್ಟು ಮರುಪರೀಕ್ಷೆ, ಶಿಕ್ಷಕರ ಅಥವಾ ಪೋಷಕರ ಅಂದಾಜಿನೊಡನೆ ಹೋಲಿಕೆ. ಬೇರೆ ದೇಶದ ಮಕ್ಕಳಿಗೆ ನಿಗದಿ ಮಾಡಿದ ಕಟ್-ಆಫ್ ಅಂಕವನ್ನು ಮಾತ್ರ ಎತ್ತಿಕೊಳ್ಳಬೇಡಿ. ‘ಇಷ್ಟು ಪ್ರತಿಶತ ಮಕ್ಕಳಿಗೆ ಆತಂಕದ ಕಾಯಿಲೆ’ ಎಂದು ಬರೆಯಲು ನಿಮಗೆ ಆಧಾರವಿರುವುದಿಲ್ಲ.

ಪ್ರಶ್ನೆ: ತರಗತಿಯಲ್ಲಿ ಮಕ್ಕಳ ಗಮನವನ್ನು 15 ಸೆಕೆಂಡಿಗೊಮ್ಮೆ ಗುರುತಿಸುತ್ತೇನೆ. ಸಹಪಾಠಿಯೂ ಗುರುತಿಸಿದ್ದಾರೆ. ನಮ್ಮಿಬ್ಬರ ಒಮ್ಮತ 90 ಪ್ರತಿಶತ. ಪರೀಕ್ಷಕರು ‘ಕಪ್ಪಾ ಕೊಡಿ’ ಎಂದಿದ್ದಾರೆ. ಅಗತ್ಯವೇ?

ಅಗತ್ಯ. ಆಕಸ್ಮಿಕವಾಗಿ ಬರುವ ಒಮ್ಮತವನ್ನು ಕಳೆದು ನೋಡುವ ಅಳತೆಯೇ ಕಪ್ಪಾ. 100 ಗುರುತುಗಳಲ್ಲಿ ನೀವು 90 ಸಲ, ಅವರೂ 90 ಸಲ ‘ಗಮನವಿದೆ’ ಎಂದಿದ್ದೀರಿ ಎನ್ನೋಣ. ಇಬ್ಬರೂ ‘ಇದೆ’ ಎಂದದ್ದು 85, ಇಬ್ಬರೂ ‘ಇಲ್ಲ’ ಎಂದದ್ದು 5. ಒಮ್ಮತ 90. ಆದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ 0.9 × 0.9 ಮತ್ತು 0.1 × 0.1, ಸೇರಿ 82 ಪ್ರತಿಶತ ಒಮ್ಮತ ಬರುತ್ತಿತ್ತು. ಕಪ್ಪಾ ಎಂದರೆ 90ರಿಂದ 82 ಕಳೆದು, ಉಳಿದ 8ನ್ನು 18ರಿಂದ (100ರಲ್ಲಿ 82 ಕಳೆದದ್ದು) ಭಾಗಿಸಿದ್ದು: 0.44. ‘ಗಮನವಿಲ್ಲ’ ಎಂಬುದರಲ್ಲೇ ನೀವಿಬ್ಬರೂ ಒಂದಾಗಿಲ್ಲ, ನಿಮ್ಮ ಅಧ್ಯಯನಕ್ಕೆ ಬೇಕಾದದ್ದೂ ಅದೇ. ವ್ಯಾಖ್ಯೆಯನ್ನು ಬಿಗಿ ಮಾಡಿ. ಕಿಟಕಿಯ ಕಡೆ ನೋಡುವುದು ಎಷ್ಟು ಸೆಕೆಂಡಾದರೆ ಲೆಕ್ಕಕ್ಕೆ? ಪೆನ್ಸಿಲ್ ಚೂಪು ಮಾಡುವುದು ಯಾವ ಕಡೆ? ಬರೆದುಕೊಂಡು, ವಿಡಿಯೊ ನೋಡಿ ಅಭ್ಯಾಸ ಮಾಡಿ, ಮತ್ತೆ ಶುರು ಮಾಡಿ. ಪ್ರತಿ ಹಂತದಲ್ಲೂ ಕನಿಷ್ಠ 20 ಪ್ರತಿಶತ ಅವಧಿಗಳನ್ನು ಇಬ್ಬರೂ ಗುರುತಿಸಬೇಕು. ಕಪ್ಪಾ 0.60ಕ್ಕಿಂತ ಕಡಿಮೆಯಾಗಬಾರದು.

ಪ್ರಶ್ನೆ: ಮುಖ್ಯೋಪಾಧ್ಯಾಯರ ಅನುಮತಿ ಸಿಕ್ಕಿದೆ. ಪ್ರತಿ ಪೋಷಕರ ಸಹಿಯೂ ಬೇಕೇ? ಬೇಡ ಎನ್ನುವ ಮಗುವನ್ನು ಏನು ಮಾಡುವುದು?

ಮುಖ್ಯೋಪಾಧ್ಯಾಯರ ಅನುಮತಿ ಶಾಲೆಯೊಳಗೆ ಹೋಗಲು. ಮಗುವಿನ ಬಗ್ಗೆ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ನೈತಿಕ ಸಮಿತಿಯ ಒಪ್ಪಿಗೆ ಇವೆಲ್ಲಕ್ಕೂ ಮೊದಲು. ಪೋಷಕರ ಪತ್ರ ಒಂದು ಪುಟ ಮೀರದಿರಲಿ: ಏನು ಕೇಳುತ್ತೇವೆ, ಎಷ್ಟು ಹೊತ್ತು, ಯಾವ ಪೀರಿಯಡ್, ಉತ್ತರ ಯಾರಿಗೆ ಕಾಣುತ್ತದೆ, ಬೇಡವೆಂದರೆ ಅಂಕಕ್ಕಾಗಲಿ ಶಿಕ್ಷಕರ ಪ್ರೀತಿಗಾಗಲಿ ಕುಂದಿಲ್ಲ. ಓದಲು ಬಾರದ ಪೋಷಕರಿಗೆ ಓದಿ ಹೇಳುವ ಏರ್ಪಾಡು ಮಾಡಿ. ಪತ್ರಗಳು ಒಂದೇ ಸಲಕ್ಕೆ ಮರಳುವುದಿಲ್ಲ. ಎರಡು ನೆನಪಿನ ಪತ್ರ, ಮೂರು ವಾರದ ಸಮಯ ಇಟ್ಟುಕೊಳ್ಳಿ. ಮರಳದ ಪತ್ರವನ್ನು ‘ಒಪ್ಪಿಗೆ’ ಎಂದು ಎಣಿಸಬೇಡಿ.

ಬೇಡ ಎನ್ನುವ ಮಗುವಿಗೆ ಬೇಡ. ಮಗು ಬಾಯಿಬಿಟ್ಟು ಹೇಳದೆಯೂ ಇರಬಹುದು. ತಲೆ ತಗ್ಗಿಸುವುದು, ಎಲ್ಲ ಸಾಲಿಗೂ ಒಂದೇ ಗುರುತು ಹಾಕುವುದು, ಪದೇ ಪದೇ ಹೊರಗೆ ಹೋಗಲು ಕೇಳುವುದು, ಇವೆಲ್ಲ ‘ಬೇಡ’ ಎನ್ನುವ ರೀತಿಗಳೇ. ಆ ಮಗುವಿಗೆ ಚಿತ್ರ ಬಿಡಿಸುವ ಹಾಳೆ ಕೊಟ್ಟು ಅಲ್ಲೇ ಕೂರಿಸಿ, ಉಳಿದವರ ಮುಂದೆ ಬೇರೆಯಾಗಿ ಕಾಣದಿರಲಿ.

ನಿಮ್ಮ ಪ್ರಶ್ನಾವಳಿಯಲ್ಲಿ ತನಗೆ ತಾನೇ ನೋವು ಮಾಡಿಕೊಳ್ಳುವ ಬಗೆಗಿನ ಸಾಲು ಒಂದಾದರೂ ಇದ್ದರೆ, ಶಾಲೆಯಿಂದ ಹೊರಡುವ ಮೊದಲು ಅದೇ ದಿನ ಆ ಉತ್ತರಗಳನ್ನು ನೋಡಲೇಬೇಕು. ಯಾರಿಗೆ ತಿಳಿಸುವುದು, ಯಾವ ಆಪ್ತಸಮಾಲೋಚಕರು ಸಿಗುತ್ತಾರೆ ಎಂಬುದು ಮೊದಲೇ ಬರೆದಿರಬೇಕು. ಮೂರು ತಿಂಗಳ ನಂತರ ಡೇಟಾ ಎಂಟ್ರಿ ಮಾಡುವಾಗ ಆ ಸಾಲನ್ನು ಕಂಡರೆ ಯಾವ ಸಮಜಾಯಿಷಿಯೂ ಸಾಲದು. ಈ ವ್ಯವಸ್ಥೆ ಮಾಡಲಾಗದಿದ್ದರೆ ಆ ಸಾಲನ್ನು ಕೇಳಬೇಡಿ. ಇದೇ ಕಾರಣಕ್ಕೆ ‘ಎಲ್ಲವನ್ನೂ ಗುಟ್ಟಾಗಿಡುತ್ತೇವೆ’ ಎಂದು ಮಕ್ಕಳಿಗೆ ಮಾತು ಕೊಡಬಾರದು. ‘ನಿನಗೆ ಅಪಾಯವಿದೆ ಅನಿಸಿದರೆ ಮಾತ್ರ ದೊಡ್ಡವರಿಗೆ ಹೇಳುತ್ತೇವೆ’ ಎಂದು ಮೊದಲೇ ತಿಳಿಸಿ.

ಪ್ರಶ್ನೆ: ಎಲ್ಲ ಮುಗಿಸಿದ ಮೇಲೆ ಪಿ ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.18, ಅಂದರೆ ರೂಢಿಯ 0.05ಕ್ಕಿಂತ ಹೆಚ್ಚು. ಮೂರು ವರ್ಷ ವ್ಯರ್ಥವಾಯಿತೇ?

ವ್ಯರ್ಥವಾಗಿಲ್ಲ, ಆದರೆ ಈಗ ಮಾಡುವ ಕೆಲಸದಿಂದ ವ್ಯರ್ಥವಾಗಬಹುದು. ಹುಡುಗರನ್ನು ಬೇರೆ, ಹುಡುಗಿಯರನ್ನು ಬೇರೆ, ಆಮೇಲೆ ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡುತ್ತಾ ಹೋದರೆ ಎಲ್ಲೋ ಒಂದು ಕಡೆ 0.05ಕ್ಕಿಂತ ಕಡಿಮೆ ಸಿಗುತ್ತದೆ. ಪರಿಣಾಮವೇ ಇಲ್ಲದ ಕಡೆ ಇಪ್ಪತ್ತು ಸ್ವತಂತ್ರ ಪರೀಕ್ಷೆ ಮಾಡಿದರೆ ಒಂದಾದರೂ ಹಾಗೆ ಬರುವ ಸಂಭವ 64 ಪ್ರತಿಶತ. ಬದಲಿಗೆ ಪರಿಣಾಮದ ಗಾತ್ರವನ್ನೂ ಅದರ ವಿಶ್ವಾಸಾಂತರವನ್ನೂ (ನಿಜವಾದ ಪರಿಣಾಮ ಇರಬಹುದಾದ ವ್ಯಾಪ್ತಿ) ಬರೆಯಿರಿ. ಅಂತರ ಸೊನ್ನೆಯ ಸುತ್ತ ಬಿಗಿಯಾಗಿದ್ದರೆ ‘ದೊಡ್ಡ ಪರಿಣಾಮವಿಲ್ಲ’ ಎಂಬುದೇ ಫಲಿತಾಂಶ. ತುಂಬಾ ಅಗಲವಾಗಿದ್ದರೆ ‘ನಮ್ಮ ಸ್ಯಾಂಪಲ್ ಸಾಲಲಿಲ್ಲ’ ಎಂದು ನೇರವಾಗಿ ಬರೆಯಿರಿ. ಕಾರ್ಯಕ್ರಮ ಯೋಜಿಸಿದಂತೆ ನಡೆಯಿತೇ ಎಂದೂ ನೋಡಿ: ಉದಾಹರಣೆಗೆ ವಾರಕ್ಕೆ 4ರಂತೆ 8 ವಾರದ 32 ಅವಧಿಗಳಲ್ಲಿ ಪರೀಕ್ಷೆ, ರಜೆ, ಕ್ರೀಡಾಕೂಟ ಕಳೆದು ಎಷ್ಟು ನಡೆದವು, ಪ್ರತಿ ಮಗು ಎಷ್ಟಕ್ಕೆ ಬಂದಿತ್ತು? ಹಾಜರಾತಿ ಬರೆದಿಡದ ಅಧ್ಯಯನದಲ್ಲಿ ಸೋತದ್ದು ವಿಧಾನವೋ ಅದರ ಜಾರಿಯೋ ಎಂದು ಯಾರಿಗೂ ತಿಳಿಯುವುದಿಲ್ಲ.

ಈಗಷ್ಟೇ ಸೇರಿದವರು ಡೇಟಾ ಮುಟ್ಟುವ ಮೊದಲೇ ಮುಖ್ಯ ಪ್ರಶ್ನೆ, ಸ್ಯಾಂಪಲ್ ಸಂಖ್ಯೆ, ವಿಶ್ಲೇಷಣೆಯ ಕ್ರಮ ಇವನ್ನು ದಿನಾಂಕ ಸಮೇತ ಮುಕ್ತ ನೋಂದಣಿ ತಾಣದಲ್ಲಿ ದಾಖಲಿಸಿ.

ಪ್ರಶ್ನೆ: ಕೋರ್ಸ್‌ವರ್ಕ್‌ನಲ್ಲಿ ಅಂಕಿಅಂಶ ಎಂದರೆ ಎಸ್‌ಪಿಎಸ್‌ಎಸ್ ತಂತ್ರಾಂಶದ ಬಟನ್ ಒತ್ತುವುದಷ್ಟೇ ಕಲಿಸಿದರು. ಸ್ವಂತವಾಗಿ ಏನು ಕಲಿಯಲಿ?

ಮಾಪನ, ರಿಗ್ರೆಷನ್ (ಒಂದು ಅಳತೆಯಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ), ಬಹುಮಟ್ಟದ ಮಾದರಿ (ಮಕ್ಕಳು ತರಗತಿಗಳೊಳಗೆ, ತರಗತಿಗಳು ಶಾಲೆಗಳೊಳಗೆ ಇರುವುದನ್ನು ಲೆಕ್ಕಕ್ಕೆ ತರುವ ವಿಧಾನ), ಈ ಕ್ರಮದಲ್ಲಿ. ಆರು ತಿಂಗಳು ರಿಗ್ರೆಷನ್‌ಗೇ ಕೊಡಿ. ಟಿ-ಟೆಸ್ಟ್, ಅನೋವಾ, ಅಂಕೋವಾ ಎಂಬ ಗುಂಪು ಹೋಲಿಸುವ ಪರೀಕ್ಷೆಗಳೆಲ್ಲವೂ ಅದರ ರೂಪಗಳೇ ಎಂದು ಕಂಡ ದಿನ ಅರ್ಧ ಭಯ ಹೋಗುತ್ತದೆ. ಆರ್ ಎಂಬ ಅಂಕಿಅಂಶ ತಂತ್ರಾಂಶ ಉಚಿತ, ಮಾಡಿದ ಪ್ರತಿ ಹೆಜ್ಜೆಯೂ ಅದರಲ್ಲಿ ಬರಹವಾಗಿ ಉಳಿಯುತ್ತದೆ. ಮೂಲ ಡೇಟಾ ಕಡತವನ್ನು ಎಂದೂ ತಿದ್ದಬೇಡಿ. ತಿದ್ದುಪಡಿಯೆಲ್ಲ ಸ್ಕ್ರಿಪ್ಟ್‌ನಲ್ಲಿರಲಿ. ಮಕ್ಕಳ ಹೆಸರು ಒಂದು ಕಡತದಲ್ಲಿ, ಸಂಕೇತ ಸಂಖ್ಯೆ ಮತ್ತು ಅಂಕಗಳು ಇನ್ನೊಂದರಲ್ಲಿ, ಎರಡೂ ಬೇರೆ ಬೇರೆ ಕಡೆ, ಪಾಸ್‌ವರ್ಡ್ ಸಹಿತ. ಹತ್ತು ಉತ್ತರಪತ್ರಿಕೆಗಳಲ್ಲಿ ಒಂದನ್ನು ಇನ್ನೊಬ್ಬರಿಂದ ಮರು ಎಂಟ್ರಿ ಮಾಡಿಸಿ ಹೋಲಿಸಿ. 3 ಬದಲು 33 ಎಂದು ಬಿದ್ದ ಒಂದು ಅಂಕ ಇಡೀ ಗುಂಪಿನ ಸರಾಸರಿಯನ್ನು ಎಳೆದೊಯ್ದದ್ದು ಅಲ್ಲೇ ಸಿಕ್ಕಿಬೀಳುತ್ತದೆ.